ದರ್ಬಾರಿನ ಪಹರೆಯವನ ಕೆನ್ನೆ

ಮಂಡ್ಯ
೧೭-೧-೧೯೩೭, ಭಾನುವಾರ

ಅಕ್ಕ ಬೆಳ್ಳಮ್ಮನಿಗೆ ತಮ್ಮ ಮುದ್ದಯ್ಯ ಮಾಡುವ ನಮಸ್ಕಾರ.

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮಳವಳ್ಳಿಯಲ್ಲಿ ನಿನ್ನ ಎರಡನೇ ಮದುವೆಯ ಕೂಡಾವಳಿ ನಡೆಯುತ್ತಿದೆ. ನಿಡಘಟ್ಟದ ಚಲುವರಾಜು ಕುಲಸ್ಥರ ಮುಂದೆ ನಿನಗೆ ಸೀರೆ ಕೊಡುತ್ತಿದ್ದಾನೆ. ನೀನು ಕೈ ಚಾಚುವ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಕನಸಿಗೆ ಕಾರಣ ಈ ವಾರದ ಟಾಕಿ. ಮೊದಲಿನಿಂದ ಬರೆಯುತ್ತೇನೆ. ನಾನು ಎರಡನೇ ತರಗತಿಗೇ ಶಾಲೆ ಬಿಟ್ಟವನು, ನೀನು ನಾಲ್ಕು ಓದಿದವಳು; ತಪ್ಪು ತಿದ್ದಿಕೊಂಡು ಓದು.

ಈ ವಾರ ಹೊಸದು ಎರಡು ಬಂದವು. ಮದ್ದೂರಿನ ಟೆಂಟಿನಲ್ಲಿ ಹಿಂದಿಯದು. ಕುದುರೆ ಓಡಿದ್ದೇ ಓಡಿದ್ದು. ಮಾತು ಒಂದೂ ತಿಳಿಯಲಿಲ್ಲ, ಆದರೂ ಬೇಸರವಾಗಲಿಲ್ಲ. ನಮ್ಮ ಮಂಡ್ಯದ ಟೆಂಟಿನಲ್ಲಿ ಪುರಾಣದ ಕತೆ, ಕನ್ನಡದ್ದೇ. ಹಾಡು ಹೆಚ್ಚಾಯಿತು, ಸಾಯುವವನೂ ಹಾಡಿ ಮುಗಿಸಿಯೇ ಸತ್ತ. ಹಬ್ಬದ ಜನ ಸೇರಿ ಮುಂದಿನ ನೆಲವೆಲ್ಲ ತುಂಬಿದ್ದರಿಂದ ನನ್ನನ್ನು ಪರದೆಯ ಹಿಂದೆ, ಹೆಂಗಸರು ಕೂರುವ ಕಡೆಯ ಅಂಚಿಗೆ ಕೂರಿಸಿದರು. ಬಟ್ಟೆಗೆ ನೀರು ಎರಚಿದ್ದರು; ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಂಡಿತು. ಒಂದೇ ಅಪಚಾರವೆಂದರೆ ರಾಣಿ ಎಡಗೈಯಲ್ಲಿ ಆರತಿ ಎತ್ತಿದಳು. ನಮ್ಮ ಬೀದಿಯ ಮುದುಕಿಯೊಬ್ಬಳು, "ಎಡಗೈಲಿ ಆರ್ತಿ ಎತ್ತಾಳಲ್ಲಾ, ಇವ್ಳ ಕೈ ಸೇದೋಗ!" ಎಂದು ಶಾಪ ಹಾಕಿದಳು.

ಆಮೇಲೆ ದರ್ಬಾರು ಬಂತು. ರಾಜನ ಹಿಂದೆ ಭರ್ಜಿ ಹಿಡಿದು ನಿಂತವನನ್ನು ನೋಡಿ ಕೂತಲ್ಲಿಂದ ಎದ್ದುಬಿಟ್ಟೆ. ನಿನ್ನನ್ನು ಬಿಟ್ಟುಹೋದ ಚಿಕ್ಕಬೋರಯ್ಯ ಭಾವನದೇ ನಿಲುವು, ಅದೇ ಮೂಗು. ಕೆನ್ನೆಯಲ್ಲಿ, ಆಲೆಮನೆಯ ಕುದಿವ ಪಾಕ ಹಾರಿ ಸುಟ್ಟಂಥ ಕಲೆ. ಆದರೆ ಕಲೆ ಬಲಗೆನ್ನೆಯಲ್ಲಿತ್ತು. ಭಾವನಿಗೆ ಇದ್ದದ್ದು ಎಡಗೆನ್ನೆಯಲ್ಲಿ. ಅವನಲ್ಲ ಎಂದುಕೊಂಡು ನೆಮ್ಮದಿಯಾಗಿ ಮನೆಗೆ ಬಂದೆ.

ನಿನ್ನೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವಾಗ ಜೊತೆಯ ಮಾದಯ್ಯನಿಗೆ ಇದನ್ನು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ಮುದ್ದ, ಪರದೆ ಹಿಂದ್ಗಡೆ ಕುಂತು ನೋಡುದ್ರೆ ಎಡ ಬಲ ಆಗ್ದೆ ಇನ್ನೇನ್ಲಾ ಆಯ್ತದೆ? ಮುಂದ್ಗಡೆ ಬಂದು ನೋಡು, ರಾಣಿ ಬಲಗೈಲೇ ಆರ್ತಿ ಎತ್ತಾಳೆ ಕಣ್ಲಾ!"

ಅಲ್ಲಿಂದ ನನಗೆ ಅನ್ನ ಸೇರುತ್ತಿಲ್ಲ. ಭಾವ ನಾಟಕದ ಕಂಪನಿಯ ಗಾಡಿ ಹತ್ತುವಾಗ ಕೊನೆಗೆ ಮಾತಾಡಿದ್ದು ನನ್ನ ಜೊತೆ. "ಯುಗಾದಿಗೆ ಬತ್ತೀನಿ ಕಣ್ಲಾ, ನಿಮ್ಮಕ್ಕನ್ಗೆ ಯೋಳ್ಬುಡು" ಎಂದ. ನಾನು ಹೇಳಿದೆ, ನೀನು ಕಾದೆ. ಏಳು ಯುಗಾದಿ ಕಳೆದ ಮೇಲೆ ಕುಲಸ್ಥರು ಅವನನ್ನು ಸತ್ತವನ ಲೆಕ್ಕಕ್ಕೆ ಸೇರಿಸಿ ನಿನ್ನನ್ನು ಬಿಡುಗಡೆ ಮಾಡಿದರು. ಅವನು ಬದುಕಿದ್ದಾನೆ ಎಂದರೆ ಅವರು ಕೂಡಾವಳಿ ನಿಲ್ಲಿಸುತ್ತಾರೆ. ಚಲುವರಾಜು ಒಳ್ಳೆಯವನು, ಆದರೆ ಅವನೂ ಎಷ್ಟು ದಿನ ಕಾದಾನು? ಮಾದಯ್ಯನಿಗೆ ಬಾಯಿ ಬಿಡಬೇಡ ಎಂದಿದ್ದೇನೆ. ಹೇಳದೆ ಇದ್ದುಬಿಡೋಣ ಅಂದುಕೊಂಡೆ. ಹೋದ ಸಲ ನಿನಗೆ ಸುಳ್ಳು ಭರವಸೆ ತಂದವನೂ ನಾನೇ. ಈ ಸಲ ನಿಜ ಮುಚ್ಚಿಟ್ಟೆ ಅನ್ನಿಸಿಕೊಳ್ಳಲಾರೆ.

ಈ ಟಾಕಿ ಬುಧವಾರ ಮಳವಳ್ಳಿಗೆ ಬರುತ್ತದಂತೆ. ಕೂಡಾವಳಿ ಅದರ ಮುಂದಿನ ಸೋಮವಾರ. ಒಬ್ಬಳೇ ಹೋಗಿ ನೋಡು. ಏಳು ವರ್ಷದಲ್ಲಿ ನನ್ನ ಕಣ್ಣು ಮೋಸ ಹೋಗಿರಬಹುದು, ನಿನ್ನದು ಹೋಗದು. ಅವನಲ್ಲ ಎಂದು ನೀನು ಬರೆದರೆ ನಾನು ಮರುಮಾತು ಆಡುವುದಿಲ್ಲ, ಸೋಮವಾರ ಹೂವು ಹಿಡಿದುಕೊಂಡು ಬರುತ್ತೇನೆ.

ಎಲ್ಲೇ ಇದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ಅಕ್ಕ. ಅಲ್ಲಿಯೂ ಹೆಂಗಸರನ್ನು ಪರದೆಯ ಹಿಂದೆಯೇ ಕೂರಿಸಬಹುದು. ಕೆನ್ನೆ ನೋಡುವ ಮೊದಲು, ನೀನು ಬಟ್ಟೆಯ ಯಾವ ಕಡೆ ಕೂತಿದ್ದೀಯ ಎಂದು ಇನ್ನೊಂದು ಸಲ ನೋಡಿಕೋ.

ನಿನ್ನ ತಮ್ಮ,
ಮುದ್ದಯ್ಯ