ಮಗ್ಗದ ಪಕ್ಕದ ಶವಾಸನ

ಸೋಮನೂರು, ಕೊಯಮತ್ತೂರು ಜಿಲ್ಲೆ
9-7-86

ಪೂಜ್ಯ ಮಾವನವರಿಗೆ ನಮಸ್ಕಾರ.

ನನ್ನ ಯೋಗದ ಕ್ಲಾಸಿಗೆ ವೆಳ್ಳಿಂಗಿರಿ ಎಂಬುವವರು ತಮ್ಮ ಪವರ್‌ಲೂಮ್ ಶೆಡ್ಡಿನ ಪಕ್ಕದ ಕೋಣೆ ಕೊಟ್ಟಿದ್ದಾರೆ. ಬರುವವರು ಪಾಳಿ ಮುಗಿಸಿದ ನೇಕಾರರು, ಮನೆಯಲ್ಲಿ ಕನ್ನಡ ಮಾತಾಡುವವರೇ. ಶವಾಸನಕ್ಕೆ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ ಬೇಕೆಂದು ನಂಜನಗೂಡಿನಲ್ಲಿ ನೀವು ಕಲಿಸಿದ್ದಿರಲ್ಲ, ಅದಕ್ಕೇ ಹೋದ ತಿಂಗಳು ಮಗ್ಗಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಲೇಬೇಕೆಂದು ಹಟ ಹಿಡಿದೆ. ವೆಳ್ಳಿಂಗಿರಿ ಮುಖ ಗಂಟಿಕ್ಕಿಕೊಂಡೇ ನಿಲ್ಲಿಸಿದರು. ಸದ್ದು ನಿಂತದ್ದೇ ತಡ, ಮಲಗಿದ್ದವರೆಲ್ಲ ಧಡಕ್ಕನೆ ಎದ್ದು ಶೆಡ್ಡಿಗೆ ಓಡಿದರು! ಸೆಲ್ಲಮ್ಮ ಎಂಬಾಕೆ ವಾಪಸು ಬಂದು ಮೇಷ್ಟ್ರಾದ ನನ್ನನ್ನೇ ಗದರಿದರು: “ಏನ್ ವಾದ್ಯಾರೇ, ಮಗ್ಗ ನಿಂತ್ರೆ ನೂಲು ಕಿತ್ತೋತು ಅಂತ ಎದೆ ಹೊಡ್ಕೊಳ್ಳುತ್ತೆ. ಓಡ್ತಿದ್ರೆ ತಾನೆ ನಮ್ಗೆ ಕಣ್ಣು ಮುಚ್ಚೋದು?”

ಈಗ ಆ ಗದ್ದಲದಲ್ಲೇ ಶವಾಸನ ಮಾಡಿಸುತ್ತಿದ್ದೇನೆ. ನೀವು ಒಪ್ಪುವುದಿಲ್ಲ, ಗೊತ್ತು. ಬಂದು ನೋಡಿ, ಆಮೇಲೆ ಬೈಯಿರಿ.

ನನ್ನ ಆರೋಗ್ಯ ಚೆನ್ನಾಗಿದೆ, ಇಲ್ಲಿಯ ನೀರೂ ಒಗ್ಗಿದೆ. ಅತ್ತೆಯ ಮಂಡಿನೋವಿಗೆ ಎಣ್ಣೆಯನ್ನು ಬೇರೆಯಾಗಿ ಪಾರ್ಸಲ್‌ನಲ್ಲಿ ಕಳಿಸುತ್ತೇನೆ. ಕಾರ್ಡು ತುಂಬಿತು, ಇದೊಂದು ಮಾತು ಅಂಚಿನಲ್ಲಿ ಬರೆಯುತ್ತಿದ್ದೇನೆ: ನಿನ್ನೆ ನಾನೂ ಅವರ ಜೊತೆ ಮಲಗಿದ್ದಾಗ ಕರೆಂಟ್ ಹೋಗಿ ಮಗ್ಗಗಳು ನಿಂತವು. ಮೊದಲು ಎದ್ದು ಕುಳಿತವನು ನಾನೇ.

ನಿಮ್ಮ ಅಳಿಯ, ಶಿಷ್ಯನೂ ಹೌದು,
ಶ್ರೀಕಂಠ