ಮಾಂಸ ಕತ್ತರಿಸುವ ಸರದಿ

ಬುಸಾನ್,
ನವೆಂಬರ್ ೯

ಅಕ್ಕನ ಮಗಳು ಸಿರ್ಜನಾಗೆ ಪದಮ್ ಮಾವನ ತುಂಬು ಆಶೀರ್ವಾದ.

ನಾನು ಸುಖವಾಗಿದ್ದೇನೆ. ನನ್ನನ್ನು ಕೇಳದೆ ಈ ಕೊರಿಯಾದ ಕಡಲಲ್ಲಿ ಒಂದು ಮೀನೂ ಬಲೆಗೆ ಬೀಳುವುದಿಲ್ಲ ಎಂದು ನಮ್ಮೂರು ಭೋಜಪುರದಲ್ಲಿ ಎಲ್ಲರಿಗೂ ಹೇಳು.

ನಿಮ್ಮ ಮೀನಿನ ವಡೆ ಕಾರ್ಖಾನೆಯವರು ನನ್ನ ಹೆಸರನ್ನೂ ಆರಿಸಿದ್ದಾರೆ, ಶುಕ್ರವಾರದೊಳಗೆ ಸಹಿ ಹಾಕಬೇಕು, ಅಲ್ಲಿ ಹೆಂಗಸರಿಗೆ ಮರ್ಯಾದೆ ಉಂಟೇ ಎಂದು ನೀನು ಕೇಳಿದ್ದೆ. ಬರಬೇಡ ಎಂದು ನಾನು ಹೋದ ಪತ್ರದಲ್ಲಿ ಬರೆದಿದ್ದೆ. ಸುಳ್ಳೇನೂ ಬರೆದಿರಲಿಲ್ಲ. ಇಲ್ಲಿಯ ಮರ್ಯಾದೆಯನ್ನು ನಾನು ಒಂಬತ್ತು ವರ್ಷದಿಂದ ಅನುಮಾನದ ಕಣ್ಣಿನಲ್ಲೇ ನೋಡುತ್ತಾ ಬಂದವನು. ಹಿರಿಯನೆಂದು ಯಾರಾದರೂ ಇಲ್ಲಿಯ ಪದ್ಧತಿಯಂತೆ ಎರಡು ಕೈಯಲ್ಲಿ ಸೋಜು ಹೆಂಡ ಸುರಿದರೆ, ನನ್ನ ಒಂದು ಕೈ ಜೇಬಿನ ಮೇಲೇ ಇರುತ್ತದೆ.

ನಮ್ಮಲ್ಲಿ ಗುಕ್ ಮಾಲ್‌ಸುನ್ ಎಂಬ ಹೆಂಗಸಿದ್ದಾಳೆ, ನನ್ನ ಬಾಯಲ್ಲಿ ಗುಕ್ಕಮ್ಮ. ಐವತ್ತಮೂರು ವರ್ಷ. ಎಣ್ಣೆಯ ಕಾವನ್ನು ವಾಸನೆಯಲ್ಲೇ ಹೇಳುತ್ತಾಳೆ. ಆದರೆ ಕಾರ್ಖಾನೆಯವರು ಸೇರಿ ಊಟಕ್ಕೆ ಹೋದಾಗಲೆಲ್ಲ ಇಕ್ಕಳ ಕತ್ತರಿ ಹಿಡಿದು ಊಟದ ಮೇಜಿನ ಒಲೆಯ ಮೇಲಿನ ಹಂದಿಮಾಂಸ ಮಗುಚಿ ಕತ್ತರಿಸುವವಳು ಅವಳೇ. ಕಿರಿಯರು ಮಾಡುವ ಕೆಲಸವದು. ಹೆಣ್ಣು ಎಂದ ಮೇಲೆ ವಯಸ್ಸು ಲೆಕ್ಕಕ್ಕಿಲ್ಲ. ಅವಳು ಬಿಸಿ ತುಂಡು ತಿಂದದ್ದನ್ನು ನಾನು ನೋಡಿಲ್ಲ. ನನ್ನನ್ನು ಮಾತ್ರ "ಅಣ್ಣ" ಎಂದು ಕರೆದು ಮೊದಲ ತುಂಡು ನನ್ನ ತಟ್ಟೆಗೇ ಹಾಕುತ್ತಿದ್ದಳು. ಏಕೆಂದು ಮುಂದೆ ಹೇಳುತ್ತೇನೆ.

ಈ ತಿಂಗಳು ಪ್ಯೋ ಎಂಬ ಹೊಸ ಮೇಲಧಿಕಾರಿಣಿ ಬಂದಳು. ಬಂದ ವಾರವೇ ತಣ್ಣನೆಯ ಕೋಣೆಯಲ್ಲಿ ಅವಳೂ ಗುಕ್ಕಮ್ಮನೂ ಏನೋ ಪಿಸುಗುಟ್ಟುತ್ತಿದ್ದರು. ನಾನು ಒಳಗೆ ಹೋದೊಡನೆ ಇಬ್ಬರೂ ಮೀನಿನ ಪೆಟ್ಟಿಗೆ ನೋಡತೊಡಗಿದರು. ಮೀನಿನಲ್ಲಿ ನೋಡಲು ಏನಿದೆ?

ಮೊನ್ನೆ ಅವಳ ಸ್ವಾಗತದ ಊಟ. ಹೊರಡುವ ಮೊದಲು ಮಾ ಎಂಬ ನಮ್ಮ ಚಾಲಕ ಪಣ ಒಡ್ಡಿದ: "ಕತ್ತರಿ ಹಿಡಿಯೋದು ಗುಕ್ಕಮ್ಮನೇ, ಇನ್ಯಾರು?" ನಾನಂದೆ, "ಅಲ್ಲ ಕಣಯ್ಯಾ, ಕುರ್ಚಿ ಎಷ್ಟೇ ದೊಡ್ಡದಿರ್ಲಿ ಹೆಣ್ಣು ಹೆಣ್ಣೇ. ಆ ಪ್ಯೋನೇ ಹಿಡೀತಾಳೆ." ಗುಕ್ಕಮ್ಮ ಕೈ ಒರೆಸಿಕೊಳ್ಳುತ್ತಾ, "ನಾನೂ ಹಿಡಿಯಲ್ಲ, ಮೇಡಮ್ಮೂ ಹಿಡಿಯಲ್ಲ. ನಂದೂ ದುಡ್ಡು ಸೇರಿಸ್ಕೊಳ್ಳಿ," ಎಂದಳು. ನಾವು ಬಿದ್ದು ಬಿದ್ದು ನಕ್ಕೆವು. ಚಿಲ್ಲರೆ ಪಣ, ಬಿಡು.

ಮಾಂಸ ಬಂತು. ಗುಕ್ಕಮ್ಮನ ಕೈ ಅಭ್ಯಾಸಬಲದಿಂದ ಕತ್ತರಿಯತ್ತ ಹೋಯಿತು. ಪ್ಯೋ ಅದನ್ನು ತಡೆದಳು.

"ನೀವು ಕೂತ್ಕೊಳ್ಳಿ ಅಕ್ಕಾ. ಇವತ್ತು ಈ ಮೇಜಿನಲ್ಲಿ ಯಾರು ಚಿಕ್ಕೋರೋ ಅವರು ಕತ್ತರಿಸ್ಲಿ."

ಮಾ ಹಲ್ಲು ಬಿಟ್ಟ. "ಹಾಗಾದ್ರೆ ತಾವೇ ಅಲ್ವಾ ಮೇಡಂ?"

"ನಂಗೆ ನಲವತ್ತೊಂಬತ್ತು. ಇಲ್ಲಿ ನಲವತ್ತೈದರೋರು ಒಬ್ರಿದ್ದಾರೆ. ಅವರ ಗುರುತಿನ ಚೀಟಿ ನಾನೇ ನೋಡಿದ್ದೀನಿ."

ಸಿರ್ಜನಾ, ಈ ದೇಶದಲ್ಲಿ ವಯಸ್ಸೇ ಪದವಿ. ಬಂದ ಹೊಸತರಲ್ಲಿ ನನ್ನ ಬೋಳುತಲೆಯ ಧೈರ್ಯದ ಮೇಲೆ ಹತ್ತು ವರ್ಷ ಏರಿಸಿ ಹೇಳಿದ್ದೆ. ಐವತ್ತೈದರ ಅಣ್ಣನಾಗಿದ್ದೆ. ನಿನ್ನನ್ನು ಬರಬೇಡ ಎಂದದ್ದೂ ಅದಕ್ಕೇ. ನೀನು ಬಂದರೆ, ನಿಮ್ಮಮ್ಮನಿಗೇ ನಲವತ್ತೆಂಟು, ಮಾವ ಅವಳ ತಮ್ಮ ಎಂದು ಮೊದಲ ದಿನವೇ ಒದರಿಬಿಡುತ್ತಿದ್ದೆ.

ಐವತ್ತು ವರ್ಷದ ಮಾ ಎದ್ದೇ ನಿಂತ. "ಲೋ ಕಳ್ಳ! ಒಂಬತ್ತು ವರ್ಷ ನಿಂಗೆ ಎರಡು ಕೈಲಿ ಸುರಿದ್ನಲ್ಲೋ! ದೊಡ್ಡೋನ ಮುಂದೆ ಅಂತ ನಾನು ಕುಡಿಯೋವಾಗ ಮುಖ ಬೇರೆ ತಿರುಗಿಸ್ತಿದ್ದೆ!"

ಗುಕ್ಕಮ್ಮ ಮಾತ್ರ ಬೈಯಲಿಲ್ಲ. ಕತ್ತರಿಯನ್ನು ನನ್ನ ಕಡೆ ತಳ್ಳಿ, "ತಮ್ಮಾ, ಸಣ್ಣಗೆ ಕತ್ತರಿಸು. ನಂಗೆ ಹಲ್ಲುನೋವು," ಎಂದಳು.

ಕತ್ತರಿಸಿದೆ. ಹೊಗೆ ಕಣ್ಣಿಗೆ, ಎಣ್ಣೆ ಮುಂಗೈಗೆ. ನನ್ನ ತಟ್ಟೆಯ ಅನ್ನ ಆರಿ ಕಲ್ಲಾಯಿತು. ಎದುರಿಗೆ ಅವಳು ಬಿಸಿ ತುಂಡನ್ನು ಸೊಪ್ಪಿನ ಎಲೆಯಲ್ಲಿ ಸುತ್ತಿ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಒಂದು ಊಟದಿಂದ ದೇಶ ಬದಲಾಯಿತೆಂದು ನಂಬುವವನಲ್ಲ ನಾನು. ಆ ಇಬ್ಬರು ಹೆಂಗಸರ ಮೇಲೆ ನನಗೆ ಈಗಲೂ ಅನುಮಾನವೇ. ಮುಂದಿನ ವಾರದಿಂದ ಗುಕ್ಕಮ್ಮ ನಮ್ಮ ಕೆಲಸದ ಸಾಲಿನ ಮುಖ್ಯಸ್ಥೆಯಂತೆ. ಹೊಸಬರನ್ನು ಪಳಗಿಸುವುದೂ ಅವಳೇ.

ಸಹಿ ಹಾಕು. ಆದರೆ ಯಾರಾದರೂ ಕತ್ತರಿ ಕೊಟ್ಟರೆ, ಮೊದಲು ಅವರ ವಯಸ್ಸು ಕೇಳು.

ಇಂತಿ,
ನಲವತ್ತೈದು ವರ್ಷದ ನಿನ್ನ ಮಾವ,
ಪದಮ್ ರಾಯ್

ಮರೆತಿದ್ದೆ: ಪಣ ಚಿಲ್ಲರೆಯಾಗಿರಲಿಲ್ಲ. ನಾನು ಕಟ್ಟಿದ್ದು ಎಂಟು ಲಕ್ಷ ವೊನ್. ಬರಬೇಡ ಎಂದು ಬರೆಯುವ ಮೊದಲು ನಿನ್ನ ವಿಮಾನದ ಖರ್ಚಿಗೆಂದು ಎತ್ತಿಟ್ಟದ್ದು. ಅಮ್ಮನಿಗೆ ಹೇಳಬೇಡ. ಗೆದ್ದ ಗುಕ್ಕಮ್ಮ ಅಷ್ಟನ್ನೂ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ನಿನ್ನ ಟಿಕೆಟ್ಟನ್ನು ತಾನೇ ತೆಗೆಸುತ್ತಾಳಂತೆ, ನನ್ನ ಕೈಗೆ ಕೊಡುವುದಿಲ್ಲವಂತೆ.