ಇಳಿತ ಕಾಯದ ಎಣಿಕೆ

ಚಾಮರಾಜಪೇಟೆ, ಬೆಂಗಳೂರು
ಫೆಬ್ರವರಿ 3, 2025, ಸೋಮವಾರ

ದೊಡ್ಡಪ್ಪಾ, ನಮಸ್ಕಾರ.

ಹಕ್ಕಿಗಳು ತುಂಬಿರುವ ಕೆಸರುಬಯಲಿನಲ್ಲಿ ಹಕ್ಕಿಗಳೇ ಇಲ್ಲ ಎನ್ನುವ ವರದಿಗೆ ನೀವು ಸಹಿ ಹಾಕಿದ್ದೀರಿ. ಇದು ಅನ್ಯಾಯ. ಅದನ್ನು ಮೊದಲು ಹೇಳದೆ ಬೇರೇನೂ ಬರೆಯಲು ಕೈ ಬರಲಿಲ್ಲ. ಈಗ ಕೇಳುತ್ತೇನೆ: ಮಂಡಿನೋವು ಹೇಗಿದೆ? ಮೈಸೂರಿನ ಚಳಿಗೆ ಆರಾಧನಾ ಅಕ್ಕ ಶಾಖ ಕೊಡುತ್ತಿದ್ದಾಳೆ ತಾನೆ? ನೀವು ಮಗಳ ಮನೆಗೆ ಹೋದ ಮೇಲೂ ದೊಡ್ಡಮ್ಮ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ನನ್ನ ಮುಂದೆ ಕುಕ್ಕಿ, "ಕುಡಿ, ನಿಮ್ಮಿಬ್ಬರ ಜಗಳದ ಪ್ರಸಾದ" ಅನ್ನುತ್ತಾರೆ. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಕುಂದಾಪುರದ ಬಳಿ, ಕೋಡಿಬೈಲಿನಲ್ಲಿ ಹೊಳೆ ಕಡಲು ಸೇರುವ ಅಳಿವೆಗೆ ಮಣ್ಣು ತುಂಬಿ ಜೆಟ್ಟಿ ಕಟ್ಟಲು ಹೊರಟ ಕಂಪನಿಯವರು ಹಕ್ಕಿ ಎಣಿಸಲು ಬೆಂಗಳೂರಿನ ನಮ್ಮ ಪಕ್ಷಿವೀಕ್ಷಕರ ಬಳಗವನ್ನೇ ಯಾಕೆ ಕರೆದರು, ಯೋಚಿಸಿದಿರಾ? ಕರಾವಳಿಯಲ್ಲೂ ಹಕ್ಕಿ ಬಲ್ಲವರಿದ್ದಾರೆ. ಆದರೆ ಅವರು ಸಮುದ್ರದ ನೀರು ಇಳಿಯುವ ತನಕ ಕಾಯುತ್ತಿದ್ದರು. ನಾವು ಲಾಲ್‌ಬಾಗಿನವರು. ಆರಕ್ಕೆ ಶುರು, ಎಂಟಕ್ಕೆ ತಿಂಡಿ. ಅಲ್ಲಿಯೂ ನೀವು ಎರಡು ದಿನ ಅದನ್ನೇ ಮಾಡಿದಿರಿ. ಎರಡು ದಿನವೂ ಆ ಹೊತ್ತಿಗೆ ಉಬ್ಬರ. ಹಿಮದ ನಾಡಿನಿಂದ ಹಾರಿ ಬಂದ ಹಕ್ಕಿಗೆ ನಮ್ಮ ಇಡ್ಲಿಯ ಹೊತ್ತು ಹೇಗೆ ಗೊತ್ತಾಗಬೇಕು?

ಎರಡು ವಾರ ಬಿಟ್ಟು ನಾನು ಹೋದಾಗ ನಾನೂ ಆರಕ್ಕೇ ಹೋಗಿ ನಿಂತೆ. ಎಲ್ಲೆಲ್ಲೂ ನೀರು, ಒಂದು ರೆಕ್ಕೆಯೂ ಇಲ್ಲ. ದೊಡ್ಡಪ್ಪ ಹೇಳಿದ್ದೇ ಸರಿ ಅಂದುಕೊಂಡೆ. ವಾಪಸ್ ಬಸ್ಸು ಸಂಜೆಗಿತ್ತು, ಹಾಗಾಗಿ ಉಳಿದೆ. ಹನ್ನೊಂದರ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಹೊರಬಿತ್ತು. ಅಷ್ಟು ಹೊತ್ತು ಎಲ್ಲಿದ್ದವೋ, ಗುಂಪುಗುಂಪಾಗಿ ಬಂದಿಳಿದವು. ಹೆಗ್ಗೊರವಗಳು ಬಾಗಿದ ಉದ್ದ ಕೊಕ್ಕನ್ನು ಬುಡದ ತನಕ ಕೆಸರಿಗಿಳಿಸಿ ಏಡಿ ಎಳೆಯುತ್ತಿದ್ದವು. ಅಂಗೈಯಷ್ಟು ಪುಟ್ಟ ಗೊರವಗಳು ನೀರಂಚಿನಲ್ಲಿ ಪುಟಪುಟನೆ ಓಡುತ್ತಿದ್ದವು. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಮೈಯೆಲ್ಲ ಉರಿಯಿತು.

ಆ ಫೋಟೋಗಳನ್ನು ತೋರಿಸಿದಾಗ ನೀವು ಅಂದಿದ್ದೇನು? "ನಾಲ್ಕು ಕರಪತ್ರ ಓದಿದವಳು ನಂಗೇ ಹಕ್ಕಿ ತೋರಿಸ್ತೀಯೇನೇ?" ಮಾರನೇ ದಿನವೇ ಮೈಸೂರಿನ ರೈಲು ಹತ್ತಿದಿರಿ. ಹೌದು, ನಾನು ಕರಪತ್ರದವಳೇ. ಗಾಂಧಿಬಜಾರಿನಲ್ಲಿ ಯಾರಾದರೂ ಕೈಗಿಟ್ಟರೆ ಕಡಲೆಕಾಯಿ ಕಟ್ಟದೆ ಓದುತ್ತೇನೆ. ಆದರೆ ಹಕ್ಕಿಯನ್ನು ನಾನು ಕರಪತ್ರದಿಂದ ಕಲಿಯಲಿಲ್ಲ. ಕೆರೆದಂಡೆಯಲ್ಲಿ ನಾನು ಕಿರುಚಿದರೆ, "ಶ್, ಅದು ಅವರ ಮನೆ ಕಣೇ, ನಾವು ನೆಂಟರು" ಎಂದು ಬಾಯಿ ಮುಚ್ಚಿಸಿದವರು ಯಾರು?

ನಿನ್ನೆ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಬಳಗದ ಕಾರ್ಯದರ್ಶಿ ಮಧುಸೂದನ್ ಸಿಕ್ಕಿದ್ದರು. ಕೈಯಲ್ಲಿ ಹೋಳಿಗೆ. "ಏನ್ ಮೇಡಂ, ಇವತ್ತು ಯಾರಿಗೆ ಧಿಕ್ಕಾರ? ಸಾರ್ ಸಹಿ ವಾಪಸ್ ತಗೊಂಡ್ರೆ ಬಳಗದ ಮಾನ ಏನಾಗ್ಬೇಕು?" ಅಂದರು. "ಅಳಿವೆ ಹೋದ್ಮೇಲೆ ಮಾನ ಇಟ್ಕೊಂಡು ಏನ್ ಎಣಿಸ್ತೀರಾ, ಹೋಳಿಗೆನಾ?" ಅಂದುಬಿಟ್ಟೆ. ಅವರ ಸಿಟ್ಟಿಗೆ ನನಗೆ ಹೆದರಿಕೆಯಿಲ್ಲ. ನಿಮ್ಮ ಮೌನ ಮಾತ್ರ ಸಹಿಸಲಾಗುತ್ತಿಲ್ಲ.

ಅಕ್ಕನಿಗೆ ನನ್ನ ನೆನಪು ತಿಳಿಸಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಪಾದಕ್ಕೆ ನಮಸ್ಕಾರ, ಆ ಸಹಿಗೆ ಮಾತ್ರ ಇಲ್ಲ.

ನಿಮ್ಮ
ಮಾಧವಿ

ತಾ.ಕ.: ಅಂಚೆಗೆ ಹಾಕಲು ಹೊರಟಾಗ ತಿಳಿಯಿತು, ಕೋಡಿಬೈಲಿನಲ್ಲಿ ಜನರ ಅಹವಾಲು ಕೇಳುವ ಸಭೆ ಈ ಶನಿವಾರವೇ ಅಂತೆ. ಅಲ್ಲಿ ಓದುವುದು ನಿಮ್ಮ ಎಣಿಕೆಯನ್ನೇ. ಅದು ತಪ್ಪು ಎಂದು ಎದ್ದು ನಿಂತು ನಾನು ಹೇಳಿದರೆ, ಊರಿನೆದುರು ನನ್ನ ದೊಡ್ಡಪ್ಪ ಸುಳ್ಳುಗಾರ. ನೀವೇ ಹೇಳಿದರೆ, ಒಬ್ಬ ಮೇಷ್ಟ್ರು ತಮ್ಮ ತಪ್ಪು ತಿದ್ದಿಕೊಂಡರು, ಅಷ್ಟೇ. ಎರಡರಲ್ಲಿ ಒಂದು ಆಗಿಯೇ ಆಗುತ್ತದೆ, ನಾನಂತೂ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಕುಂದಾಪುರದ ಬಸ್ಸು ಹೊರಡುವ ಕಡೆ ನಿಂತಿರುತ್ತೇನೆ. ಶುಕ್ರವಾರ, ಫೆಬ್ರವರಿ ಏಳು, ಸಂಜೆ ಏಳು ಗಂಟೆ.